ಕೆಲಸ ಸಿಕ್ಕಿತು ಅಂತ ಬರೆದುಕೊಂಡ ಮೇಲೆ ವಿಚಾರಿಸುವವರು ಯಾರು?

ಹಾವೇರಿ ಹುಡುಗಿ: ಸರ್ಕಾರಿ ಯೋಜನೆಯಲ್ಲಿ ಮೂರು ತಿಂಗಳು ಹೊಲಿಗೆ ಕಲಿತೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸವೂ ಸಿಕ್ಕಿತು. ಸಂಬಳವೆಲ್ಲ ರೂಮ್ ಬಾಡಿಗೆ, ಊಟಕ್ಕೇ ಹೋಗುತ್ತಿತ್ತು. ಐದನೇ ತಿಂಗಳು ಊರಿಗೆ ವಾಪಸ್ ಬಂದೆ. ತರಬೇತಿ ಕೇಂದ್ರದ ಪಟ್ಟಿಯಲ್ಲಿ ಮಾತ್ರ ನಾನು ಇನ್ನೂ ಕೆಲಸದಲ್ಲಿದ್ದೇನೆ. ಇದು ಸರೀನಾ?

ಮಾಜಿ ತರಬೇತುದಾರ: ಬೇಜಾರಾಯಿತು ಓದಿ. ಆದರೆ ನಮ್ಮ ಕಡೆಯದ್ದೂ ಕೇಳಿ. ಗ್ರಾಮೀಣ ಯುವಕರ ಡಿಡಿಯು-ಜಿಕೆವೈ ಯೋಜನೆಯಲ್ಲಿ ಕಲಿತ ನೂರು ಜನರಲ್ಲಿ ಕನಿಷ್ಠ 70 ಜನರಿಗೆ ಕೆಲಸ ಕೊಡಿಸಲೇಬೇಕು. ತರಬೇತಿ ಕೇಂದ್ರಕ್ಕೆ ಸರ್ಕಾರದ ಹಣದ ಕಂತು ಬರುವುದೂ ಅದರ ಮೇಲೆ. ಆಫರ್ ಲೆಟರ್, ಸಂಬಳದ ಚೀಟಿ ಜೋಡಿಸುವುದರಲ್ಲೇ ನಮ್ಮ ದಿನ ಮುಗಿಯುತ್ತಿತ್ತು. ಆಮೇಲೆ ಫೋನ್ ಮಾಡಿದರೆ ಎಷ್ಟೋ ನಂಬರ್ ಸ್ವಿಚ್ ಆಫ್. ಹುಡುಗರು ಸಿಮ್ ಬದಲಿಸಿರುತ್ತಾರೆ.

ಅಮೆರಿಕದ ಕನ್ನಡಿಗ: ಫೋನ್ ಯಾಕೆ? ಪಿಎಫ್ ದಾಖಲೆ ನೋಡಿದರೆ ಆಯ್ತಲ್ವಾ? ಇಲ್ಲಿ 2014ರ ಕಾಯ್ದೆ ಪ್ರಕಾರ, ತರಬೇತಿ ಮುಗಿಸಿದವರು ಆಮೇಲಿನ ಎರಡನೇ ಮತ್ತು ನಾಲ್ಕನೇ ತ್ರೈಮಾಸಿಕದಲ್ಲಿ ಕೆಲಸದಲ್ಲಿದ್ದಾರಾ ಎಂದು ರಾಜ್ಯಗಳು ಲೆಕ್ಕ ಕೊಡಬೇಕು. ಸಂಬಳದ ಲೆಕ್ಕವನ್ನೂ ಕೊಡಬೇಕು. ನಿರುದ್ಯೋಗ ವಿಮೆಗಾಗಿ ಕಂಪನಿಗಳು ಸಲ್ಲಿಸುವ ಸಂಬಳದ ದಾಖಲೆಯಿಂದಲೇ ಬಹುಪಾಲು ಗೊತ್ತಾಗುತ್ತದೆ.

ಬೆಳ್ತಂಗಡಿಯವ: ಪಿಎಫ್ ಕಡ್ಡಾಯ ಇರುವುದು 20 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡ ಹೆಂಗಸು ಅದರಲ್ಲಿ ಎಲ್ಲಿ ಸಿಗುತ್ತಾಳೆ? ನಮ್ಮ ಉಜಿರೆಯಲ್ಲಿ 1982ರಲ್ಲಿ ಶುರುವಾದ, ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ನೋಡಿ. ತರಬೇತಿ ಕೆಲವೇ ವಾರ, ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುತ್ತಾರೆ. ಸಾಲ ಸಿಕ್ಕಿತಾ, ಅಂಗಡಿ ನಡೆಯುತ್ತಿದೆಯಾ ಎಂದು ವಿಚಾರಿಸುತ್ತಾರೆ. ಬ್ಯಾಂಕುಗಳು ನಡೆಸುವ ಇಂಥದ್ದೇ ತರಬೇತಿ ಸಂಸ್ಥೆಗಳು, ಅಂದರೆ ದೇಶದ ಆರ್‌ಸೆಟಿಗಳೆಲ್ಲ ಇದೇ ದಾರಿ ಹಿಡಿದವು.

ಲೆಕ್ಕದ ಮೇಷ್ಟ್ರು: ಮೊದಲು ದಾಖಲೆ ನೆಟ್ಟಗಿರಬೇಕು. ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ 2015ರಿಂದ 2022ರವರೆಗಿನ ಕಡತಗಳನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತೆಗೆದು ನೋಡಿತು. ನೂರಕ್ಕೆ 94ಕ್ಕೂ ಜಾಸ್ತಿ ಹೆಸರುಗಳ ಮುಂದೆ ಬ್ಯಾಂಕ್ ಖಾತೆಯ ಜಾಗ ಖಾಲಿ, ಇಲ್ಲವೇ ಸೊನ್ನೆ. ಇಂಥ ಪಟ್ಟಿ ಇಟ್ಟುಕೊಂಡು ಪಿಎಫ್ ಜೊತೆ ಏನು ಹೊಂದಿಸುತ್ತೀರಿ?

ಅಮೆರಿಕದ ಕನ್ನಡಿಗ: ಒಪ್ಪಿದೆ. ಸ್ವಂತ ಉದ್ಯೋಗ ಮಾಡುವವರು ಇಲ್ಲಿನ ದಾಖಲೆಯಲ್ಲೂ ಕಾಣುವುದಿಲ್ಲ. ಆದರೂ ಗಾರ್ಮೆಂಟ್ಸ್‌ಗೆ ಪಿಎಫ್ ಇದೆ. ಈ ತಂಗಿ ಕೆಲಸ ಬಿಟ್ಟದ್ದು ಅಲ್ಲಿ ಗೊತ್ತಾಗುತ್ತಿತ್ತು.

ಹಾವೇರಿ ಹುಡುಗಿ: ಬಿಟ್ಟದ್ದು ಗೊತ್ತಾಗುತ್ತಿತ್ತು ಅಣ್ಣ. ಯಾಕೆ ಬಿಟ್ಟೆ ಅನ್ನೋದು? ಫ್ಯಾಕ್ಟರಿ ಹತ್ತಿರ ಕಡಿಮೆ ದುಡ್ಡಿನ ಹಾಸ್ಟೆಲ್ ಇದ್ದಿದ್ದರೆ ಇವತ್ತೂ ಅಲ್ಲೇ ಇರುತ್ತಿದ್ದೆ. ನನ್ನ ಬ್ಯಾಚಿನ ಇನ್ನೂ ನಾಲ್ವರು ಬಾಡಿಗೆಗೇ ಹೆದರಿ ವಾಪಸ್ ಬಂದರು. ಈಗ ಊರಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅದನ್ನೂ ಯಾರೂ ಬರೆದುಕೊಂಡಿಲ್ಲ.