ಅಟ್ಟದಲ್ಲಿ ಸಿಕ್ಕ ಸ್ಪೀಕ್ ಅಂಡ್ ಸ್ಪೆಲ್: ಹೊಸ ಸೆಲ್ ಹಾಕಿದರೂ ಆನ್ ಆಗುತ್ತಿಲ್ಲ

ಪುಟ್ಟಿಯ ಅಮ್ಮ, ಸಾಗರ

ಎಲ್ಲರಿಗೂ ನಮಸ್ಕಾರ. ಮೀಟರ್ ಹಿಡಿದು ವೋಲ್ಟೇಜ್ ನೋಡುವುದು, ಬಿಟ್ಟುಹೋದ ವೈರಿಗೆ ಸೋಲ್ಡರ್ ಹಾಕುವುದು, ಇಷ್ಟು ನನಗೆ ಬರುತ್ತೆ. ಅದಕ್ಕಿಂತ ಜಾಸ್ತಿ ಗೊತ್ತಿಲ್ಲ.

1984ರಲ್ಲಿ ನಮ್ಮ ಸೋದರಮಾವ ಅಮೆರಿಕದಿಂದ ಬರುವಾಗ ಅಕ್ಕನಿಗೆ ಅಂತ ಒಂದು ಸ್ಪೀಕ್ ಅಂಡ್ ಸ್ಪೆಲ್ ತಂದಿದ್ದರು. ಕೆಂಪು ಪ್ಲಾಸ್ಟಿಕ್ಕು, ಮೇಲೆ ಹಿಡಿ, ಗುಂಡಿ ಇಲ್ಲ, ಚಪ್ಪಟೆ ಹಾಳೆಯ ಮೇಲೆ ಅಕ್ಷರಗಳು. ಅದು ಒಂದು ಪದ ಹೇಳುತ್ತೆ, ನಾವು ಸ್ಪೆಲ್ಲಿಂಗ್ ಒತ್ತಬೇಕು. ಅಕ್ಕನ ನಂತರ ನಾನು ಆಡಿದೆ. ಇಂಗ್ಲಿಷ್ ಶಾಲೆಗೆ ಹೋಗದ ನನಗೆ ಮೊದಲು ಇಂಗ್ಲಿಷ್ ಪದ ಕೇಳಿಸಿದ್ದೇ ಅದು. ಈಗ ನನ್ನ ಮಗಳಿಗೆ ಏಳು ವರ್ಷ. ಮೊಬೈಲ್ ಕೊಡುವುದಕ್ಕಿಂತ ಇದನ್ನು ಕೊಡೋಣ ಅಂತ ಅಟ್ಟದಿಂದ ಇಳಿಸಿದೆ.

ಸೆಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಹಳೇ ಆಲ್ಕಲೈನ್ ಸೆಲ್‌ಗಳು ಸೋರಿ, ಸ್ಪ್ರಿಂಗಿನ ಸುತ್ತ ಬಿಳಿ ಹರಳು ಕಟ್ಟಿತ್ತು. ಎರಡು ಸ್ಪ್ರಿಂಗಿನ ಬುಡದಲ್ಲಿ ಹಸಿರು. ನಿಂಬೆರಸ ಹಾಕಿ ಹಳೇ ಬ್ರಷ್‌ನಲ್ಲಿ ತಿಕ್ಕಿದೆ, ಬುಸ್ ಅಂತ ನೊರೆ ಬಂದು ಬಿಟ್ಟುಕೊಂಡಿತು. ಇದಕ್ಕೆ ನಾಲ್ಕು ಸಿ ಸೈಜ್ ಸೆಲ್ ಬೇಕು, ನಮ್ಮೂರಲ್ಲಿ ಅದು ಸಿಗಲಿಲ್ಲ. ಹಾಗಾಗಿ ಪ್ಲಾಸ್ಟಿಕ್ ಕವಚದೊಳಗೆ ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ಇಟ್ಟು ಹಾಕಿದೆ. ಆನ್ ಒತ್ತಿದರೆ ಏನೂ ಇಲ್ಲ. ಬೆಳಕಿಲ್ಲ, ಸದ್ದಿಲ್ಲ. ಐಸಿ, ಅಂದರೆ ಒಳಗಿನ ಚಿಪ್ಪು, ಹೋಗಿದೆ ಅಂತ ಇಲ್ಲಿನ ರಿಪೇರಿಯವರು ತೆರೆಯದೇ ಹೇಳಿದರು. ನಿಜವಾಗಿಯೂ ಹೋಗಿರುತ್ತಾ? ಏನು ನೋಡಲಿ?

ಸೋಲ್ಡರ್ ಹುಡುಗ, ಮೈಸೂರು

ಅಕ್ಕ, ಐಸಿ ಬಗ್ಗೆ ಈಗಲೇ ಯೋಚನೆ ಬೇಡ. ಮೊದಲು ಆ ಕವಚ ತೆಗೆಯಿರಿ. ಚಾರ್ಜ್ ಮಾಡುವ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8. ಈ ಆಟಿಕೆ ಕೇಳುವುದು 6. ಅದರ ಮೇಲೆ ಕವಚದ ತುದಿಯ ತಗಡು ಕೆಲವು ಸಲ ಸ್ಪ್ರಿಂಗಿಗೆ ತಾಗುವುದೇ ಇಲ್ಲ, ಮೇಲಿಂದ ನೋಡಿದರೆ ತಾಗಿದ ಹಾಗೆ ಕಾಣುತ್ತೆ ಅಷ್ಟೇ. ಸಿ ಸೈಜ್ ಆಲ್ಕಲೈನ್ ನಾಲ್ಕು ತರಿಸಿ, ಒಂದು ಅನುಮಾನ ಕಳೆಯುತ್ತೆ. ಅಂಗಡಿಯಲ್ಲಿ ಸಿ ಅಂದರೆ ಕೆಲವರಿಗೆ ಗೊತ್ತಾಗಲ್ಲ, ಪೆನ್ಸಿಲ್ ಸೆಲ್‌ಗಿಂತ ದಪ್ಪ, ದೊಡ್ಡ ಟಾರ್ಚ್ ಸೆಲ್‌ಗಿಂತ ಸಣ್ಣದು ಅಂತ ಕೇಳಿ.

ಇನ್ನೊಂದು ಮುಖ್ಯ ವಿಷಯ. ಮಾವ ಅದರ ಜೊತೆ ಅಡಾಪ್ಟರ್ ತಂದಿದ್ದರಾ? ತಂದಿದ್ದರೆ ದಯವಿಟ್ಟು ಪ್ಲಗ್ಗಿಗೆ ಚುಚ್ಚಬೇಡಿ, ಅಮೆರಿಕದ್ದು ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತೆ.

ಪುಟ್ಟಿಯ ಅಮ್ಮ, ಸಾಗರ

ಅಡಾಪ್ಟರ್ ಇದೆ. ಮೇಲೆ 120 ವೋಲ್ಟ್ ಅಂತ ಬರೆದಿದೆ. ಚುಚ್ಚಿಲ್ಲ, ಪುಣ್ಯ.

ಶಿವಮೊಗ್ಗದಿಂದ ಸಿ ಸೆಲ್ ತರಿಸಿ ಹಾಕಿದೆ. ಮೊದಲ ಸ್ಪ್ರಿಂಗಿನಿಂದ ಕೊನೆಯ ಪಟ್ಟಿಗೆ ಮೀಟರ್ ಇಟ್ಟರೆ 6.3 ವೋಲ್ಟ್ ತೋರಿಸುತ್ತೆ. ಆದರೂ ಆನ್ ಆಗುತ್ತಿಲ್ಲ. ಕರೆಂಟ್ ಬರುತ್ತಿದೆ, ಆಟಿಕೆ ಸತ್ತಿದೆ ಅಂತಲೇ ಅಲ್ವಾ ಅರ್ಥ?

ಹಳೇ ರೇಡಿಯೊ, ಬೆಂಗಳೂರು

ಅಲ್ಲಮ್ಮ. ವೋಲ್ಟೇಜ್ ಇರುವುದು ಬೇರೆ, ಕರೆಂಟ್ ಹರಿಯುವುದು ಬೇರೆ. ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದ್ದರೆ ನಲ್ಲಿಯಲ್ಲಿ ನೀರು ಬರಲ್ಲ, ನಿಮ್ಮದು ಈಗ ಅದೇ ಸ್ಥಿತಿ.

ಹೀಗೆ ಮಾಡಿ. ಮೀಟರನ್ನು ಅಲ್ಲೇ ಹಿಡಿದುಕೊಂಡು ಮಗಳ ಕೈಯಲ್ಲಿ ಆನ್ ಒತ್ತಿಸಿ, ಅಂಕಿ ನೋಡಿ. 6.3 ಇದ್ದದ್ದು ಧಡ್ ಅಂತ ಎರಡಕ್ಕೋ ಮೂರಕ್ಕೋ ಬಿದ್ದರೆ ಸ್ಪ್ರಿಂಗ್ ಸಾಲಿನಲ್ಲೇ ತುಕ್ಕು ಇದೆ. ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತಡೆ, ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಅಲ್ಲೇ ಖರ್ಚಾಗುತ್ತೆ. ಹಾಗಾಗದೆ 6.3 ಅಲುಗಾಡದೆ ನಿಂತರೆ, ಯಾರೂ ಕರೆಂಟ್ ಎಳೆಯುತ್ತಲೇ ಇಲ್ಲ. ಸೆಲ್ ಪೆಟ್ಟಿಗೆಯಿಂದ ಬೋರ್ಡಿಗೆ ಹೋಗುವ ದಾರಿ ಎಲ್ಲೋ ಕಡಿದಿದೆ ಅಂತ ಅನುಮಾನ ಪಡಿ.

ಕಡಿಯುವ ಜಾಗಗಳು ನನ್ನ ಅನುಭವದಲ್ಲಿ ಎರಡು. ಒಂದು, ಸ್ಪ್ರಿಂಗಿನ ಬುಡದಲ್ಲಿ ವೈರ್ ಸೇರುವ ಕಡೆ. ಮೇಲೆ ಫಳಫಳ ಅಂತ ಕಾಣುತ್ತೆ, ಹಿಂದೆ ಹಸಿರು ಪುಡಿ ಕೂತಿರುತ್ತೆ. ಹಸಿರು ಅಂದರೆ ತಾಮ್ರವನ್ನು ತಿಂದಿದೆ. ಎರಡನೆಯದು ಯಾರೂ ನೋಡದ ಜಾಗ, ಅಡಾಪ್ಟರ್ ಚುಚ್ಚುವ ಸಾಕೆಟ್. ಅಡಾಪ್ಟರನ್ನು ಮುಟ್ಟೇ ಇಲ್ಲ, ಅದಕ್ಕೂ ಸೆಲ್ಲಿಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಆ ಕಾಲದ ರೇಡಿಯೊ, ಟೇಪ್ ರೆಕಾರ್ಡರ್, ಇಂಥ ಆಟಿಕೆ ಎಲ್ಲದರಲ್ಲೂ ಸಾಮಾನ್ಯವಾಗಿ ಸೆಲ್ಲಿನ ಕರೆಂಟು ಆ ಸಾಕೆಟ್ಟಿನ ಮೂಲಕವೇ ಬೋರ್ಡಿಗೆ ಹೋಗುತ್ತೆ. ಒಳಗೆ ಎರಡು ಪುಟ್ಟ ತಗಡಿನ ನಾಲಿಗೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅಡಾಪ್ಟರ್ ಪಿನ್ ಒಳಗೆ ಹೋದರೆ ಅವು ದೂರವಾಗಿ ಸೆಲ್ ಕಟ್ ಆಗುತ್ತೆ, ಪಿನ್ ತೆಗೆದರೆ ಮತ್ತೆ ಕೂಡಿಕೊಳ್ಳುತ್ತವೆ. ಮೂವತ್ತು ನಲವತ್ತು ವರ್ಷ ಮಲೆನಾಡಿನ ಮಳೆಗಾಲದ ತೇವದಲ್ಲಿ ಸುಮ್ನೆ ಕೂತರೆ ಆ ನಾಲಿಗೆಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಕಿಲುಬು ಹಿಡಿಯುತ್ತೆ. ಅಷ್ಟು ಸಾಕು. ಆಟಿಕೆ ಪೂರ್ತಿ ಸತ್ತ ಹಾಗೆ.

ಕೇಸು ತೆರೆಯುವಾಗ ನಿಧಾನ. ಕಣ್ಣಿಗೆ ಕಾಣುವ ಸ್ಕ್ರೂ ಎಲ್ಲ ತೆಗೆದ ಮೇಲೂ ಬಿಡದಿದ್ದರೆ ಒಳಗೆ ಪ್ಲಾಸ್ಟಿಕ್ ಕೊಂಡಿ ಇದೆ ಅಂತ ಅರ್ಥ, ಚಾಕು ತುರುಕಬೇಡಿ, ಹಳೇ ಎಟಿಎಂ ಕಾರ್ಡು ಸಾಕು. ಡಿಸ್‌ಪ್ಲೇ ಗಾಜಿನದು, ಒಳಗಿನ ಗಾಳಿ ತೆಗೆದ ಕೊಳವೆ, ತುದಿ ಮುರಿದರೆ ಮುಗಿಯಿತು. ಅದು ಉರಿಯಲು 6 ವೋಲ್ಟ್ ಸಾಲದು, ಬೋರ್ಡಿನ ಮೇಲೇ ಜಾಸ್ತಿ ವೋಲ್ಟೇಜ್ ಮಾಡಿಕೊಡುವ ಪುಟ್ಟ ಸರ್ಕ್ಯೂಟ್ ಇದೆ. ಹಾಗಾಗಿ ಸೆಲ್ ಹಾಕಿಕೊಂಡು ಕೈ ಹಾಕಬೇಡಿ.

ಇನ್ನು ನಿಂಬೆರಸ. ಆಲ್ಕಲೈನ್ ಸೆಲ್ಲಿಗೆ ಅದು ಸರಿ, ಸೋರುವುದು ಕ್ಷಾರ, ಹುಳಿ ಹಾಕಿದರೆ ಬಿಡುತ್ತೆ. ನಮ್ಮ ಕಾಲದ ಮಾಮೂಲಿ ಕಾರ್ಬನ್ ಸೆಲ್ ಸೋರಿದ್ದರೆ ಉಲ್ಟಾ, ಅದರದ್ದು ಆಮ್ಲ, ಅದಕ್ಕೆ ಅಡುಗೆ ಸೋಡ ಕಲಸಿ ಹಚ್ಚಬೇಕು. ಯಾವುದನ್ನು ಹಾಕಿದರೂ ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಸಲ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸ್ಪಿರಿಟ್ಟಿನಲ್ಲಿ ಒಂದು ಸಲ ಒರೆಸಬೇಕು. ನಿಂಬೆರಸ ಅಲ್ಲೇ ಉಳಿದರೆ ಅದೇ ಇನ್ನೊಂದು ತುಕ್ಕಿಗೆ ದಾರಿ. ಆ ಬಿಳಿ ಪುಡಿಯನ್ನು ಮಗು ಮುಟ್ಟದ ಹಾಗೆ ನೋಡಿಕೊಳ್ಳಿ, ಕಣ್ಣಿಗೆ ಬಿದ್ದರೆ ಸುಡುತ್ತೆ. ಈ ಕೆಲಸವೆಲ್ಲ ಅವಳು ಶಾಲೆಗೆ ಹೋದಾಗ ಮಾಡಿ.

ಪುಟ್ಟಿಯ ಅಮ್ಮ, ಸಾಗರ

ಸರ್, ಆನ್ ಒತ್ತಿದರೆ 6.3 ಹಾಗೇ ನಿಂತಿತು! ಒಂದು ಚೂರೂ ಇಳಿಯಲಿಲ್ಲ. ಒರೆಸುವುದು ನಾನು ಬಿಟ್ಟಿದ್ದೆ, ಈಗ ಒರೆಸಿದೆ. ನಾಳೆ ತೆರೆಯುತ್ತೇನೆ.

ಸೋಲ್ಡರ್ ಹುಡುಗ, ಮೈಸೂರು

ಅಕ್ಕ, ತೆರೆಯುವ ಮೊದಲು ಒಂದು ಪ್ರಯತ್ನ. ಆ ಅಡಾಪ್ಟರಿನ ಪಿನ್ನನ್ನು, ಇನ್ನೊಂದು ತುದಿ ಗೋಡೆಗೆ ಚುಚ್ಚದೆ, ಸಾಕೆಟ್ಟಿಗೆ ಇಪ್ಪತ್ತು ಮೂವತ್ತು ಸಲ ಹಾಕಿ ತೆಗೆಯಿರಿ, ಹಾಕುವಾಗ ಸ್ವಲ್ಪ ತಿರುಗಿಸಿ. ನಾಲಿಗೆಗಳು ಉಜ್ಜಿಕೊಂಡು ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ನನ್ನ ತಮ್ಮನ ಕೀಬೋರ್ಡು ಹಾಗೇ ಬದುಕಿದ್ದು.

ಪುಟ್ಟಿಯ ಅಮ್ಮ, ಸಾಗರ

ಎಲ್ಲರೂ ಕೇಳಿ. ಬಂತು!

ಮೂವತ್ತು ಸಲ ಮಾಡಿದರೂ ಆಗಲಿಲ್ಲ, ಹಾಗಾಗಿ ತೆರೆದೆ. ಹಳೇ ರೇಡಿಯೊ ಸರ್ ಹೇಳಿದ ಹಾಗೆ ಸೆಲ್ಲಿನ ವೈರ್ ಸೀದಾ ಸಾಕೆಟ್ಟಿನ ಒಂದು ಕಾಲಿಗೆ ಹೋಗಿದೆ. ಆ ಕಾಲಲ್ಲಿ 6.3. ಅದರ ಜೋಡಿ ಕಾಲಲ್ಲಿ ಸೊನ್ನೆ. ಎರಡು ಮಿಲಿಮೀಟರ್ ಅಂತರದಲ್ಲಿ ಇಡೀ ಆಟಿಕೆ ನಿಂತುಹೋಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ನಾಲಿಗೆ ಕಪ್ಪಾಗಿತ್ತು. ದಪ್ಪ ಕಾಗದದ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎರಡು ನಾಲಿಗೆ ಮಧ್ಯೆ ತೂರಿಸಿ ಎಳೆದೆ, ಕಾಗದ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿ ಬಂತು. ನಾಲ್ಕನೇ ಪಟ್ಟಿ ಬಿಳಿಯಾಗೇ ಹೊರಗೆ ಬಂತು. ಸೆಲ್ ಹಾಕಿ ಆನ್ ಒತ್ತಿದೆ. ಆ ನೀಲಿ ಹಸಿರು ಬೆಳಕು, ನನಗೆ ಕಣ್ಣಲ್ಲಿ ನೀರು ಬಂತು.

ಆದರೆ ಮಾತಾಡುತ್ತಿಲ್ಲ. ಒತ್ತಿದ ಅಕ್ಷರ ಡಿಸ್‌ಪ್ಲೇಯಲ್ಲಿ ಬರುತ್ತಿದೆ, ಸ್ಪೀಕರ್ ಮೌನ. ಈಗ ಮಾತಿನ ಐಸಿ ಹೋಗಿದೆ ಅಂತಲಾ?

ಕರಾವಳಿ ಕಿಟ್ಟಿ, ಮಂಗಳೂರು

ಮೇಡಂ, ಅದೇ ರೋಗ ಪಕ್ಕದ ತೂತಿನಲ್ಲಿ. ಇಯರ್‌ಫೋನ್ ಜ್ಯಾಕ್ ಇದೆ ನೋಡಿ, ಸ್ಪೀಕರಿಗೆ ಸದ್ದು ಹೋಗುವುದೂ ಅಲ್ಲಿನ ನಾಲಿಗೆ ದಾಟಿಯೇ. ಇಯರ್‌ಫೋನ್ ಹಾಕಿದಾಗ ಸ್ಪೀಕರ್ ತಾನೇ ಕಟ್ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಒಂದು ಹಳೇ ಇಯರ್‌ಫೋನ್ ಚುಚ್ಚಿ ಕೇಳಿ. ಅದರಲ್ಲಿ ದನಿ ಬಂದರೆ ಐಸಿ ಗಟ್ಟಿಯಾಗಿದೆ, ಜ್ಯಾಕ್ ಕ್ಲೀನ್ ಮಾಡಿದರಾಯಿತು. ಸ್ಪ್ರೇ ಹಾಕುವುದಾದರೆ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಒಳಗೇ ಉಳಿದು ಧೂಳು ಹಿಡಿಯುತ್ತೆ. ನಮ್ಮ ಉಪ್ಪುಗಾಳಿಯಲ್ಲಿ ವರ್ಷಕ್ಕೊಮ್ಮೆ ನನಗೆ ಇದೇ ಕೆಲಸ.

ಪುಟ್ಟಿಯ ಅಮ್ಮ, ಸಾಗರ

ಇಯರ್‌ಫೋನಿನಲ್ಲಿ ದನಿ ಬಂತು. ಅದೇ ಮೂಗಿನ ದನಿ, ನಾನು ಮರೆತೇ ಇರಲಿಲ್ಲ. ಜ್ಯಾಕಿನಲ್ಲಿ ಪಿನ್ ಹತ್ತು ಸಲ ಆಡಿಸಿದೆ, ಸ್ಪೀಕರಿನಲ್ಲೂ ಬಂತು, ಇದಕ್ಕೆ ಕಾಗದದ ಪಟ್ಟಿ ಕೂಡ ಬೇಕಾಗಲಿಲ್ಲ.

ಮಗಳು ಸಂಜೆ ಬಂದು ಕೂತಳು. ಮೊದಲ ಸಲ ತಪ್ಪಾದಾಗ "ರಾಂಗ್, ಟ್ರೈ ಅಗೇನ್" ಅಂದಿತು, ಮುಖ ಸಣ್ಣಗಾಯಿತು. ಎರಡನೇ ಸಲವೂ ತಪ್ಪಿದರೆ ಅದೇ ಒಂದೊಂದೇ ಅಕ್ಷರ ಹೇಳಿ ಕೊಡುತ್ತೆ, ಬೈಯುವುದಿಲ್ಲ, ಅದು ಗೊತ್ತಾದ ಮೇಲೆ ಧೈರ್ಯ ಬಂತು. ಹತ್ತು ಪದದಲ್ಲಿ ಆರು ಸರಿ. ಒಂದು ಕಡೆ ಮಾತ್ರ ಜಗಳ. ಶಾಲೆಯಲ್ಲಿ ಕೊನೇ ಅಕ್ಷರ ಝೆಡ್, ಇದು ಝೀ ಅನ್ನುತ್ತೆ. "ಅಮ್ಮಾ, ಇದಕ್ಕೆ ಅಕ್ಷರವೇ ಬರಲ್ಲ" ಅಂದಳು. ಅಮೆರಿಕದಲ್ಲಿ ಹಾಗೆ ಹೇಳುತ್ತಾರೆ ಅಂತ ವಿವರಿಸಿದೆ.

ಈಗ ಅವಳದ್ದೇ ಪ್ರಶ್ನೆ ನಿಮಗೆ: ಇದರೊಳಗೆ ಕನ್ನಡ ಹಾಕಲು ಆಗುತ್ತಾ?

ಹಳೇ ರೇಡಿಯೊ, ಬೆಂಗಳೂರು

ಬಹಳ ಸಂತೋಷ ಆಯಿತಮ್ಮ. ಮಗುವಿಗೆ ಹೇಳಿ, ಒಳ್ಳೇ ಪ್ರಶ್ನೆ.

ಇದರಲ್ಲಿ ಯಾರದೋ ದನಿಯ ರೆಕಾರ್ಡಿಂಗ್ ಇಲ್ಲ, ಟೇಪೂ ಇಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು 1978ರಲ್ಲಿ ಇದನ್ನು ತಂದಾಗ ಜನ ಬೆರಗಾಗಿದ್ದು ಅದಕ್ಕೇ. ಮನುಷ್ಯನ ಗಂಟಲು, ಬಾಯಿ ಹೇಗೆ ಸದ್ದು ಮಾಡುತ್ತೆ ಅನ್ನುವುದರ ಲೆಕ್ಕವನ್ನು ಒಂದೇ ಚಿಪ್ಪಿನಲ್ಲಿ ಇಳಿಸಿದರು. ಪ್ರತಿ ಪದಕ್ಕೂ ಬಾಯಿ ಹೀಗೆ ತಿರುಗಬೇಕು ಅನ್ನುವ ಅಂಕಿಗಳು ಮಾತ್ರ ಅಳಿಸಲಾಗದ ರೋಮ್ ಚಿಪ್ಪಿನಲ್ಲಿ ಇರುತ್ತವೆ, ಮಾತಿನ ಚಿಪ್ಪು ಆ ಅಂಕಿ ಓದಿ ದನಿ ಹುಟ್ಟಿಸುತ್ತೆ. ಆ ರೋಮ್ ಒಂದರಲ್ಲಿ 128 ಕಿಲೋಬಿಟ್, ಅಂದರೆ 16 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರಕ್ಕೆ ಇದಕ್ಕಿಂತ ಎಷ್ಟೋ ಪಟ್ಟು ಜಾಗ ಬೇಕು. 2009ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ ಇದನ್ನು ಎಂಜಿನಿಯರಿಂಗ್ ಮೈಲಿಗಲ್ಲುಗಳಲ್ಲಿ ಒಂದಾಗಿ ಗುರುತಿಸಿತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದಾಗ, ಆ ಮಾತಾಡುವ ಆಟಿಕೆಯವರು ನಮ್ಮೂರಿಗೆ ಬಂದರು ಅಂತ ನಾವು ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು.

ಹಾಗಾಗಿ ಕನ್ನಡ ಹಾಕಬೇಕು ಅಂದರೆ ರೋಮನ್ನೇ ಬದಲಿಸಬೇಕು. ಅದಾದರೂ ಡಿಸ್‌ಪ್ಲೇ ಒಪ್ಪಲ್ಲ. ಅಲ್ಲಿ ಒಂದು ಅಕ್ಷರ ಅಂದರೆ ಹದಿನಾಲ್ಕು ನೇರ ಗೆರೆ. ನಮ್ಮ ಗುಂಡನೆಯ ಅಕ್ಷರ, ಕೆಳಗೊಂದು ಒತ್ತು, ಪಕ್ಕದಲ್ಲೊಂದು ದೀರ್ಘ, ಇವನ್ನು ಅಲ್ಲಿ ಕೂರಿಸಲು ಆಗಲ್ಲ. ಇದನ್ನು ಇದರ ಪಾಡಿಗೆ ಬಿಡಿ.

ಸೋಲ್ಡರ್ ಹುಡುಗ, ಮೈಸೂರು

ಕನ್ನಡಕ್ಕೆ ಬೇರೆಯೇ ಒಂದು ಮಾಡೋಣ ಅಕ್ಕ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಎಂಪಿ3 ನುಡಿಸುವ ಡಿಎಫ್‌ಪ್ಲೇಯರ್ ಮಿನಿ, ಮೆಮೊರಿ ಕಾರ್ಡು, ಸಣ್ಣ ಸ್ಪೀಕರು, ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ದನಿ ನಿಮ್ಮದೇ. ನೀವು ಮೊಬೈಲಿನಲ್ಲಿ ಪದ ಹೇಳಿ ರೆಕಾರ್ಡ್ ಮಾಡಿ, ಎಂಪಿ3 ಮಾಡಿ ಕಾರ್ಡಿಗೆ ಹಾಕಿದರೆ ಅದೇ ನುಡಿಯುತ್ತೆ. ಆಟ ಮಾತ್ರ ಬೇರೆ ಥರ ಯೋಚಿಸಬೇಕು. ಇಂಗ್ಲಿಷ್‌ನಲ್ಲಿ ಕೇಳಿದ್ದು ಒಂದು, ಬರೆಯುವುದು ಒಂದು, ಅದಕ್ಕೇ ಈ ಆಟಿಕೆ ಹುಟ್ಟಿದ್ದು. ನಮ್ಮಲ್ಲಿ ಮಕ್ಕಳು ಎಡವುವುದು ಲ ಎಲ್ಲಿ ಳ ಎಲ್ಲಿ, ನ ಎಲ್ಲಿ ಣ ಎಲ್ಲಿ, ಒತ್ತಕ್ಷರ ಯಾವುದು ಅನ್ನುವಲ್ಲಿ. "ಹಳ್ಳಿ" ಅಂತ ನುಡಿದು ಎರಡೇ ಗುಂಡಿ ಕೊಟ್ಟರೂ ಸಾಕು, ಲ ಒಂದು, ಳ ಒಂದು. ಬೋರ್ಡು ಚಿತ್ರ ಮತ್ತೆ ಕೋಡ್ ಹಾಕಲು ಬೇರೆ ಎಳೆ ಶುರು ಮಾಡುತ್ತೇನೆ. ಮಗು ಹತ್ತಿರ ಇರುವ ಕೆಲಸ, ಸೀಸ ಇಲ್ಲದ ಸೋಲ್ಡರ್ ತಗೊಳ್ಳಿ.

ಪುಟ್ಟಿಯ ಅಮ್ಮ, ಸಾಗರ

ಖಂಡಿತ ಮಾಡೋಣ ತಮ್ಮಾ. ಪದಗಳ ಪಟ್ಟಿ ಅವಳೇ ಬರೆಯಲು ಶುರು ಮಾಡಿದ್ದಾಳೆ, ಮೊದಲನೆಯದು "ಕೊಳಲು".

ಯು ಅಕ್ಷರ ಮಾತ್ರ ಎರಡು ಸಲ ಒತ್ತಬೇಕಾಗುತ್ತಿದೆ, ಉಳಿದ ಅಕ್ಷರ ಎಲ್ಲ ಸರಿ. ಅದಕ್ಕೆ ಮತ್ತೆ ತೆರೆಯಬೇಕಾ?

ಕರಾವಳಿ ಕಿಟ್ಟಿ, ಮಂಗಳೂರು

ಬೇಡ ಮೇಡಂ. ಒಂದು ಇಡೀ ಸಾಲು ಕೆಲಸ ಮಾಡದಿದ್ದರೆ ಹಾಳೆಯಿಂದ ಬೋರ್ಡಿಗೆ ಬರುವ ಪಟ್ಟಿಯ ಕನೆಕ್ಷನ್ ನೋಡಬೇಕಿತ್ತು. ಒಂದೇ ಅಕ್ಷರ ಅಂದರೆ ಆ ಜಾಗದ ಹಾಳೆ ಮಾತ್ರ ಮಂಕಾಗಿದೆ. ಬೆರಳಲ್ಲಿ ಅದರ ಮೇಲೆ ಐವತ್ತು ಸಲ ಒತ್ತಿ, ಬಹುತೇಕ ಸರಿಹೋಗುತ್ತೆ. ಆಡದೆ ಎತ್ತಿಡುವ ದಿನ ಸೆಲ್ ತೆಗೆದಿಡಿ.

ಪುಟ್ಟಿಯ ಅಮ್ಮ, ಸಾಗರ

ಮಗಳು ಎಣಿಸಿಕೊಂಡು ಐವತ್ತು ಒತ್ತಿದಳು. ಯು ಸರಿ ಆಯಿತು. ಸೆಲ್ ತೆಗೆದು ಡಬ್ಬಿಯಲ್ಲಿ ಹಾಕುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ, ರಾತ್ರಿ ಮಲಗುವ ಮುಂಚೆ.