ಪದಚರ್ಚೆ: ತೆರಿಗೆ, ಶುಲ್ಕ, ಉಪಕರ, ಸಭಾಧ್ಯಕ್ಷ, ಸಭಾನಾಯಕ, ಸಚೇತಕ

ಎಲ್ಲರಿಗೂ ನಮಸ್ಕಾರ.

ಸರ್ಕಾರ ತೆರಿಗೆಯನ್ನು ಏಕೆ ಹಾಕುತ್ತದೆ, ಶಾಸನಸಭೆಯಲ್ಲಿ ಯಾರ ಹೊಣೆ ಏನು ಎಂಬ ಎರಡು ವಿಷಯಗಳ ಮೇಲೆ ಪ್ರೌಢಶಾಲೆಯ ಮಕ್ಕಳಿಗಾಗಿ ಬರೆದ ಕಿರುಹೊತ್ತಗೆಯೊಂದರ ಕರಡು ತಿದ್ದುತ್ತಿದ್ದೇನೆ. ವಿಷಯದಲ್ಲಿ ತೊಡಕಿಲ್ಲ, ಪದಗಳಲ್ಲಿದೆ. ಒಂದೇ ಪುಟದಲ್ಲಿ ತೆರಿಗೆ, ಕರ, ಕಂದಾಯ, ಸುಂಕ, ಶುಲ್ಕ ಐದೂ ಬಂದಿವೆ. ಹೇಳಿದ ಪದವನ್ನೇ ಮತ್ತೆ ಹೇಳಬಾರದು ಎಂಬ ಶಾಲಾ ಪ್ರಬಂಧದ ಪಾಠವನ್ನು ಬರೆದವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಇಲ್ಲಿ ಆ ಪಾಠ ನಡೆಯುವುದಿಲ್ಲ, ಏಕೆಂದರೆ ಹೆಸರು ಬದಲಾದರೆ ಹಣ ಸೇರುವ ಜಾಗವೂ ಬದಲಾಗುತ್ತದೆ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ, ಬಲ್ಲವರು ಕೂಡಿಸಿ, ಕಳೆಯಿರಿ.

ಮೊದಲು ತೆರಿಗೆ ಮತ್ತು ಶುಲ್ಕ. 'ತೆರು' ಅಚ್ಚಗನ್ನಡದ ಕ್ರಿಯಾಪದ: ದಂಡ ತೆರು, ಕಪ್ಪ ತೆರು, ಪ್ರಾಣ ತೆರು. ತೆತ್ತದ್ದು ಹೋಯಿತು, ಅದಕ್ಕೆ ಪ್ರತಿಯಾಗಿ ಇಂಥದ್ದೇ ಕೈಗೆ ಬರಬೇಕು ಎಂಬ ಕರಾರು ಆ ಮಾತಿನೊಳಗೆ ಇಲ್ಲ. ಕಾನೂನು ತೆರಿಗೆಯ ಬಗ್ಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಉಡುಪಿಯ ಶೀರೂರು ಮಠದ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಅಲ್ಲಿನ 1951ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಮಠಗಳು ಸರ್ಕಾರಕ್ಕೆ ವಂತಿಗೆ ಕೊಡಬೇಕಿತ್ತು. ಅದು ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1954ರ ತೀರ್ಪು ಗೆರೆ ಎಳೆದು ಹೇಳಿತು: ಸಾರ್ವಜನಿಕ ಉದ್ದೇಶಕ್ಕಾಗಿ ಕಾನೂನಿನ ಬಲದಿಂದ ಕಡ್ಡಾಯವಾಗಿ ಪಡೆಯುವ, ಸಲ್ಲಿಸಿದ ಸೇವೆಗೆ ಬೆಲೆಯಲ್ಲದ ಹಣ ತೆರಿಗೆ, ಕೊಟ್ಟವರಿಗೆ ಸಲ್ಲುವ ಸೇವೆಗೂ ಪಡೆದ ಹಣಕ್ಕೂ ಸಂಬಂಧವಿದ್ದರೆ ಅದು ಶುಲ್ಕ. ಮಠದಿಂದ ಪಡೆದ ವಂತಿಗೆ ಶುಲ್ಕದ ಹೆಸರಿನಲ್ಲಿ ಬಂದ ತೆರಿಗೆ, ಅದನ್ನು ಹಾಕುವ ಅಧಿಕಾರ ಆ ರಾಜ್ಯದ ಶಾಸನಸಭೆಗೆ ಇಲ್ಲ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮುಂದಿನ ತೀರ್ಪುಗಳು ಈ ಗೆರೆಯನ್ನು ಒಂದಿಷ್ಟು ಸಡಿಲಿಸಿದವು, ಅಳಿಸಲಿಲ್ಲ. ಕಾಯ್ದೆಯ ಒಂದು ಕಲಮು ಬಿದ್ದದ್ದು ಪದದ ಮೇಲಿನ ವಾದದಿಂದ. ಕರಡಿನಲ್ಲಿ 'ತೆರಿಗೆ ಶುಲ್ಕ' ಎಂಬ ಜೋಡುಪದ ಎರಡು ಕಡೆ ಇದೆ, ಎರಡನ್ನೂ ಹೊಡೆದು ಹಾಕಿದ್ದೇನೆ.

ಶುಲ್ಕ ಮತ್ತು ಸುಂಕ ಹುಟ್ಟಿನಲ್ಲಿ ಒಂದೇ. ಮೊದಲನೆಯದು ತತ್ಸಮ, ಎರಡನೆಯದು ತದ್ಭವ. ಒಂದೇ ಪದ ಎರಡು ಬಾರಿ ಮನೆಗೆ ಬಂದು ಎರಡು ಕೆಲಸ ಹಿಡಿದಿದೆ. ಹಳೆಯದಾದ ಸುಂಕ ಗಡಿಯಲ್ಲಿ, ಕಟ್ಟೆಯಲ್ಲಿ, ಸರಕಿನ ಮೇಲೆ ನಿಂತಿತು. ಹನ್ನೆರಡನೆಯ ಶತಮಾನದ ಶರಣರ ನಡುವೆ ಸುಂಕದ ಬಂಕಣ್ಣ ಇದ್ದಾನೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಗಾದೆಯೂ ಇದೆ. ಶುಲ್ಕವಾದರೋ ಪರೀಕ್ಷೆ, ಪರವಾನಗಿ, ನೋಂದಣಿಗಳ ಕಡೆ ಹೋಯಿತು. ಆಮದು ಸುಂಕ, ಪರೀಕ್ಷಾ ಶುಲ್ಕ ಎಂದರೆ ಯಾರಿಗೂ ಗೊಂದಲವಿಲ್ಲ, ಈ ಹಂಚಿಕೆಯನ್ನು ಕೆಡಿಸದಿದ್ದರೆ ಸಾಕು. ಒಂದು ಕಡೆ ಮಾತ್ರ ನಗು ಬರುತ್ತದೆ. ಹೆಂಡ, ಸಾರಾಯಿಗಳ ವ್ಯವಹಾರಕ್ಕೆ ಅಂಟಿದ 'ಅಬಕಾರಿ' ಎಂಬ ಪಾರಸಿ ಮೂಲದ ಪದವನ್ನೇ ನಾವು ಕೇಂದ್ರದ ಎಕ್ಸೈಸ್‌ಗೂ ಬಳಸುತ್ತೇವೆ. ಹಾಗಾಗಿ 'ಪೆಟ್ರೋಲ್ ಮೇಲಿನ ಅಬಕಾರಿ ಸುಂಕ' ಎಂದು ಪತ್ರಿಕೆಯಲ್ಲಿ ಓದಿದ ಹುಡುಗನಿಗೆ ಪೆಟ್ರೋಲ್ ಬಂಕೂ ಮದ್ಯದಂಗಡಿಯೂ ಒಂದೇ ಇಲಾಖೆಯ ಕೆಳಗೆ ಕಾಣಿಸುತ್ತವೆ. 'ಉತ್ಪಾದನಾ ಸುಂಕ' ಎಂದರೆ ಈ ತಾಪತ್ರಯ ಇರುವುದಿಲ್ಲ. ರಾಜ್ಯದ ಅಬಕಾರಿ ರಾಜ್ಯಕ್ಕೇ ಇರಲಿ.

'ಕರ' ಸ್ವತಂತ್ರ ಪದವಾಗಿ ಸವೆದುಹೋಗಿದೆ ಎಂದು ನನ್ನ ಅನಿಸಿಕೆ. 'ಕರ ನಿರಾಕರಣೆ' ಎಂಬುದು ಸ್ವಾತಂತ್ರ್ಯ ಹೋರಾಟದ ಸಂದರ್ಭದಲ್ಲಿ ಗಟ್ಟಿಯಾಗಿ ನಿಂತಿದೆ, ಅದನ್ನು 'ತೆರಿಗೆ ನಿರಾಕರಣೆ' ಎಂದು ತಿದ್ದಿದರೆ ಚರಿತ್ರೆಯ ಬಣ್ಣವೇ ಹೋಗುತ್ತದೆ. ಉಳಿದಂತೆ ಕರ ಬದುಕಿರುವುದು ಆಸ್ತಿ ತೆರಿಗೆಯ ರಸೀದಿಯ ಕೆಳಸಾಲುಗಳಲ್ಲಿ: ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ. ಕೊನೆಯದನ್ನು ನೋಡಿ. ಭಿಕ್ಷುಕರ ಪುನರ್ವಸತಿಗೆಂದು ನಾವು ಕೊಡುವ ಹಣ, ಓದಿದರೆ ಭಿಕ್ಷುಕರ ಮೇಲೆ ಹಾಕಿದ ತೆರಿಗೆ. ಕಾವ್ಯ ಓದಿದವರಿಗೆ ಭಿಕ್ಷುಕರು ಚಾಚಿದ ಕೈ. ಇಲ್ಲೆಲ್ಲ ಕರ ಎಂದರೆ ಸೆಸ್, ಅಂದರೆ ಇಂಥ ಕೆಲಸಕ್ಕೇ ಎಂದು ಹೆಸರಿಟ್ಟು ಪಡೆಯುವ ಹಣ. ಪತ್ರಿಕೆಗಳು ಸೆಸ್ ಎಂದೇ ಬರೆಯುತ್ತವೆ, ಸರ್ಕಾರಿ ಕನ್ನಡ ಉಪಕರ ಎನ್ನುತ್ತದೆ. ಉಪಕರ ನನಗೆ ಹಿಡಿಸುವುದಿಲ್ಲ. ಉಪಕಾರ, ಉಪಕರಣಗಳ ನಡುವೆ ಅಚ್ಚುಮೊಳೆ ಜಾರಲು ಕಾಯುತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, 'ಇಂಥ ಉದ್ದೇಶಕ್ಕೆ' ಎಂಬ ಜೀವಾಳವೇ ಅದರಲ್ಲಿಲ್ಲ. 'ಮೀಸಲು ತೆರಿಗೆ' ಎಂದರೆ ಹೇಗೆ? ದೇವರಿಗೆ ಮೀಸಲು ಎತ್ತಿಡುವುದನ್ನು ಬಲ್ಲ ಕನ್ನಡಿಗರಿಗೆ ವಿವರಣೆ ಬೇಕಿಲ್ಲ. ಮೀಸಲಾತಿಯ ನೆನಪು ಅಡ್ಡ ಬರುತ್ತದೆಯೇ ಎಂಬುದಷ್ಟೇ ನನ್ನ ಅನುಮಾನ.

ಸೆಸ್ ಜೊತೆಗೇ ಸರ್ಚಾರ್ಜ್ ಬರುತ್ತದೆ: ತೆರಿಗೆಯ ಮೇಲೆ ಹಾಕುವ ತೆರಿಗೆ. ಇದಕ್ಕೆ 'ಮೇಲ್ತೆರಿಗೆ' ಇದೆ, ಚೆನ್ನಾಗಿದೆ. 'ಅಧಿಭಾರ' ಹೆಸರಿಗೆ ತಕ್ಕಂತೆ ಭಾರ. ಕೆಲವರು ಸೆಸ್‌ಗೂ ಮೇಲ್ತೆರಿಗೆ ಎನ್ನುತ್ತಾರೆ, ಆದರೆ ಸಂವಿಧಾನ ಇವನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತದೆ. ಸರ್ಚಾರ್ಜ್ 271ನೇ ಅನುಚ್ಛೇದದ ಸೊತ್ತು, ಉದ್ದೇಶ ಹೇಳಬೇಕಾಗಿಲ್ಲ. ನಿರ್ದಿಷ್ಟ ಉದ್ದೇಶದ ಸೆಸ್ 270ನೆಯದರಲ್ಲಿದೆ. ಕೇಂದ್ರ ಹಾಕುವ ಇವೆರಡನ್ನೂ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ, ತೆರಿಗೆಯಾದರೆ ಹಂಚಿಕೊಳ್ಳಬೇಕು. ಬೆಂಗಳೂರಿಗೂ ದೆಹಲಿಗೂ ನಡುವೆ ವರ್ಷ ವರ್ಷ ನಡೆಯುವ ಜಗಳದ ಒಂದು ಬೇರು ಇದರಲ್ಲಿದೆ. ಮೂರನ್ನೂ 'ತೆರಿಗೆ' ಎಂದು ಅನುವಾದಿಸಿದ ವರದಿಯನ್ನು ಓದಿದವರಿಗೆ ರಾಜ್ಯ ಏಕೆ ಗೊಣಗುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಕಂದಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆ ಕಂದಾಯ, ಭೂಕಂದಾಯ, ಕಂದಾಯ ಇಲಾಖೆ ಇರಲಿ. ಬಜೆಟ್‌ನ 'ರಾಜಸ್ವ ಕೊರತೆ'ಯನ್ನು, ಅಂದರೆ ಸರ್ಕಾರದ ನಿತ್ಯದ ವೆಚ್ಚಕ್ಕೆ ನಿತ್ಯದ ಆದಾಯ ಸಾಲದಿರುವುದನ್ನು, 'ಕಂದಾಯ ಕೊರತೆ' ಎಂದರೆ ತಹಶೀಲ್ದಾರರ ವಸೂಲಿ ಕುಸಿಯಿತೇನೋ ಎನಿಸುತ್ತದೆ.

ಇನ್ನು ಉದ್ದೇಶಗಳು. ಬೊಕ್ಕಸ ತುಂಬುವುದು, ಉಳ್ಳವರಿಂದ ಪಡೆದು ಇಲ್ಲದವರ ಕಡೆ ಹರಿಸುವುದು, ತಂಬಾಕಿನಂಥ ವಸ್ತುಗಳ ಬಳಕೆಯನ್ನು ತಗ್ಗಿಸುವುದು, ದೇಶದೊಳಗಿನ ಕೈಗಾರಿಕೆಗೆ ಬೇಲಿ ಕಟ್ಟುವುದು. ಕರಡಿನಲ್ಲಿ ಕೊನೆಯದಕ್ಕೆ 'ರಕ್ಷಣಾ ಸುಂಕ' ಎಂದಿದೆ. ರಕ್ಷಣಾ ಸಚಿವ, ರಕ್ಷಣಾ ವೆಚ್ಚಗಳನ್ನು ದಿನವೂ ಓದುವವರು ಇದನ್ನು ಸೈನ್ಯಕ್ಕೆ ಕೊಡುವ ಹಣ ಎಂದೇ ತಿಳಿಯುತ್ತಾರೆ. 'ಸಂರಕ್ಷಣಾ ಸುಂಕ' ಎಂದು ತಿದ್ದಿದ್ದೇನೆ.

ಹೆಚ್ಚು ಕಾಡಿದ್ದು 'ಪ್ರಗತಿಪರ ತೆರಿಗೆ'. ಆದಾಯ ಏರಿದಂತೆ ದರವೂ ಏರುವ ತೆರಿಗೆಗೆ ಪಠ್ಯಗಳಲ್ಲಿ ಈ ಹೆಸರು ಕಾಣುತ್ತದೆ. ಪ್ರಗತಿಪರ ಎಂಬುದು ಕನ್ನಡದಲ್ಲಿ ಸಾಹಿತ್ಯಕ್ಕೆ, ಚಿಂತಕರಿಗೆ, ರೈತರಿಗೆ ಸಲ್ಲುವ ಮೆಚ್ಚುಗೆಯ ವಿಶೇಷಣ. ಹೆಸರಿನಲ್ಲೇ ಶಹಬ್ಬಾಸ್‌ಗಿರಿ ಇಟ್ಟುಕೊಂಡರೆ ಆ ತೆರಿಗೆ ಒಳ್ಳೆಯದೋ ಅಲ್ಲವೋ ಎಂದು ಮಕ್ಕಳು ಚರ್ಚಿಸುವುದಾದರೂ ಹೇಗೆ? ಅದರ ಎದುರು 'ಪ್ರತಿಗಾಮಿ ತೆರಿಗೆ' ಎಂದಾಗ ತೀರ್ಪೇ ಬಂದುಬಿಟ್ಟಿತು. 'ಏರುದರ', 'ಇಳಿದರ' ಎಂದು ಇಡಬಹುದಿತ್ತು, ಆದರೆ ಎರಡನೆಯದು ಕೈಕೊಡುತ್ತದೆ. ಸೋಪಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯ ದರ ಬಡವರಿಗೂ ಸಿರಿವಂತರಿಗೂ ಒಂದೇ. ಅದು ಇಳಿಯುವುದಿಲ್ಲ. ಆದಾಯಕ್ಕೆ ಹೋಲಿಸಿದ ಹೊರೆ ಮಾತ್ರ ಸಿರಿವಂತರ ಕಡೆ ಹೋದಂತೆ ಹಗುರವಾಗುತ್ತದೆ. ಹಾಗಾಗಿ 'ಏರುಹೊರೆಯ ತೆರಿಗೆ', 'ಇಳಿಹೊರೆಯ ತೆರಿಗೆ' ಎಂದು ಬರೆದು ನೋಡಿದ್ದೇನೆ. ಕಿವಿಗೆ ಇನ್ನೂ ಹೊಸತು. ಅರ್ಥಶಾಸ್ತ್ರ ಕಲಿಸುವವರು ಏನನ್ನುತ್ತೀರಿ?

ತೆರಿಗೆಯಿಂದ ಸದನಕ್ಕೆ ದಾಟಲು ಒಂದು ಸೇತುವೆ ಇದೆ. ಮಸೂದೆಯೊಂದು ಧನ ವಿಧೇಯಕವೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ಕರ್ನಾಟಕದಂಥ ಎರಡು ಸದನಗಳ ರಾಜ್ಯದಲ್ಲಿ ವಿಧಾನಸಭೆಯ ಸಭಾಧ್ಯಕ್ಷರ ತೀರ್ಮಾನವೇ ಅಂತಿಮ, 199ನೇ ಅನುಚ್ಛೇದ. ತೆರಿಗೆ ಹಾಕುವ ಮಸೂದೆ ಧನ ವಿಧೇಯಕ, ಬರೀ ಪರವಾನಗಿ ಶುಲ್ಕ ಅಥವಾ ಸೇವಾ ಶುಲ್ಕ ಕೇಳುವ ಮಸೂದೆ ಅಷ್ಟರಿಂದಲೇ ಧನ ವಿಧೇಯಕ ಆಗುವುದಿಲ್ಲ. ಧನ ವಿಧೇಯಕವಾದರೆ ವಿಧಾನ ಪರಿಷತ್ತು 14 ದಿನಗಳೊಳಗೆ ಶಿಫಾರಸಿನೊಂದಿಗೋ ಇಲ್ಲದೆಯೋ ಹಿಂದಿರುಗಿಸಬೇಕು, ಶಿಫಾರಸನ್ನು ಒಪ್ಪುವುದು ಬಿಡುವುದು ವಿಧಾನಸಭೆಗೆ ಸೇರಿದ್ದು. ತೆರಿಗೆಗೂ ಶುಲ್ಕಕ್ಕೂ ನಡುವಿನ ಗೆರೆ ಹೀಗೆ ಇನ್ನೊಂದು ಸದನದ ಬಲವನ್ನೇ ನಿರ್ಧರಿಸುತ್ತದೆ. ಪತ್ರಿಕೆಗಳು ಧನ ವಿಧೇಯಕಕ್ಕೂ ಬಜೆಟ್ ಜೊತೆ ಬರುವ ಹಣಕಾಸು ವಿಧೇಯಕಕ್ಕೂ 'ಹಣಕಾಸು ಮಸೂದೆ' ಎಂದೇ ಬರೆಯುತ್ತವೆ. ಇದನ್ನು ಬಿಡಿಸಲೇಬೇಕು.

ಸದನದ ಪದಗಳಲ್ಲಿ ಕರ್ನಾಟಕದ ರೂಢಿ ಸ್ಪಷ್ಟವಾಗಿದೆ: ವಿಧಾನಸಭೆಗೆ ಸಭಾಧ್ಯಕ್ಷರು, ವಿಧಾನ ಪರಿಷತ್ತಿಗೆ ಸಭಾಪತಿ. ಸಭಾನಾಯಕರು ಬೇರೆ, ಅವರು ಆಡಳಿತ ಪಕ್ಷದ ಪರವಾಗಿ ಸದನದ ಕಾರ್ಯಕಲಾಪಕ್ಕೆ ಹೊಣೆ ಹೊರುವವರು. ವಿಧಾನಸಭೆಯಲ್ಲಿ ಸಾಮಾನ್ಯವಾಗಿ ಮುಖ್ಯಮಂತ್ರಿಯೇ, ಪರಿಷತ್ತಿನಲ್ಲಿ ಒಬ್ಬ ಸಚಿವರು. ಕರಡಿನಲ್ಲಿ 'ಸಭೆಯ ಮುಖ್ಯಸ್ಥ' ಎಂದು ಮೂವರನ್ನೂ ಕರೆಯಲಾಗಿದೆ. 'ಉಪ'ದ ಬಗ್ಗೆಯೂ ಒಂದು ಮಾತು. ಉಪಸಭಾಧ್ಯಕ್ಷರು ಸಭಾಧ್ಯಕ್ಷರ ಕೈಕೆಳಗಿನವರಲ್ಲ. ಸಭಾಧ್ಯಕ್ಷರು ರಾಜೀನಾಮೆ ಕೊಡಬೇಕಾದರೆ ಪತ್ರ ಬರೆಯುವುದು ಉಪಸಭಾಧ್ಯಕ್ಷರಿಗೆ, ಇವರು ಕೊಡಬೇಕಾದರೆ ಅವರಿಗೆ. ಹೊಸ ಸಭೆಯಲ್ಲಿ ಪ್ರಮಾಣವಚನ ಬೋಧಿಸಿ, ಆಯ್ಕೆ ನಡೆಯುವ ತನಕ ಪೀಠದಲ್ಲಿರುವವರು ಹಂಗಾಮಿ ಸಭಾಧ್ಯಕ್ಷರು. ಮುಂಗಾರು ಹಂಗಾಮಿನ ಹಂಗಾಮೇ ಅದು. ಕೆಲವರು ಬರೆಯುವ 'ತಾತ್ಕಾಲಿಕ ಸ್ಪೀಕರ್'ಗಿಂತ ಎಷ್ಟೋ ವಾಸಿ.

1972ರಲ್ಲಿ ಕೆ.ಎಸ್. ನಾಗರತ್ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದಾಗ ಹೊಸ ಪದ ಹುಡುಕುವ ತೊಂದರೆ ಇರಲಿಲ್ಲ, ಗೌರವದ ಬಹುವಚನ 'ಸಭಾಧ್ಯಕ್ಷರು' ಲಿಂಗದ ಗೊಡವೆಗೇ ಹೋಗುವುದಿಲ್ಲ. ಇದೇ ಬಹುವಚನ ಇನ್ನೊಂದು ಕಡೆ ಕೆಡಿಸುತ್ತದೆ. 'ವಿರೋಧ ಪಕ್ಷದ ನಾಯಕರು ರಾಜ್ಯಪಾಲರನ್ನು ಭೇಟಿಯಾದರು' ಎಂಬ ವಾಕ್ಯ ನೋಡಿ. ಹೋದದ್ದು ಒಬ್ಬರೋ ಹತ್ತು ಜನವೋ? ಆ ಹುದ್ದೆಯಲ್ಲಿರುವವರೋ, ಆ ಪಕ್ಷದ ಮುಖಂಡರೋ? ಸಂಸತ್ತಿಗೆ ಸಂಬಂಧಿಸಿದ 1977ರ ಕಾಯ್ದೆಯ ಪ್ರಕಾರ ಅದು ಸಭಾಧ್ಯಕ್ಷರು ಅಥವಾ ಸಭಾಪತಿ ಮಾನ್ಯತೆ ಕೊಟ್ಟರಷ್ಟೇ ಸಿಗುವ ಸ್ಥಾನ. 2014ರಿಂದ 2019ರವರೆಗೆ ಮಲ್ಲಿಕಾರ್ಜುನ ಖರ್ಗೆ ಲೋಕಸಭೆಯಲ್ಲಿ ತಮ್ಮ ಪಕ್ಷದ ನಾಯಕರಾಗಿದ್ದರು, ಆ ಪಕ್ಷ ವಿರೋಧ ಪಕ್ಷವೇ ಆಗಿತ್ತು, ಆದರೂ ಅವರಿಗೆ ಈ ಮಾನ್ಯತೆ ಇರಲಿಲ್ಲ. 'ವಿರೋಧ ಪಕ್ಷದ ನಾಯಕ' ಎಂಬ ಬಿಡಿಪದಗಳಿಂದ ಈ ವ್ಯತ್ಯಾಸ ಹೇಳಲು ಬರುವುದಿಲ್ಲ. ಹುದ್ದೆಗೆ 'ಪ್ರತಿಪಕ್ಷನಾಯಕ' ಎಂದು ಕೂಡಿಸಿ ಬರೆಯೋಣ, ಮುಖಂಡರ ಗುಂಪಿಗೆ 'ವಿರೋಧ ಪಕ್ಷಗಳ ಮುಖಂಡರು' ಇರಲಿ ಎಂಬುದು ನನ್ನ ಸಲಹೆ.

ವಿಪ್ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಜಾಣತನ ತೋರಿಸಿದೆ. ಅಲ್ಲಿ ಸದಸ್ಯರನ್ನು ಪಕ್ಷದ ಶಿಸ್ತಿನಲ್ಲಿ ಇಡುವ ಆಳಿಗೂ ಹೀಗೆಯೇ ಮತ ಹಾಕಿ ಎನ್ನುವ ಆಜ್ಞೆಗೂ ಒಂದೇ ಪದ. ನಾವು ಆಳನ್ನು ಸಚೇತಕ ಎಂದೆವು, ಆಜ್ಞೆಯನ್ನು ವಿಪ್ ಎಂದೇ ಉಳಿಸಿಕೊಂಡೆವು: 'ಮುಖ್ಯ ಸಚೇತಕರು ವಿಪ್ ಜಾರಿ ಮಾಡಿದರು.' 2019ರ ಜುಲೈನಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದ ದಿನಗಳಲ್ಲಿ ಈ ಪದ ಹಳ್ಳಿಕಟ್ಟೆಗಳನ್ನೂ ಮುಟ್ಟಿತು. ಬೇಟೆನಾಯಿಗಳನ್ನು ಚದುರದಂತೆ ಹಿಂಡಿನಲ್ಲಿ ಇಡುವವನಿಂದ ಬಂದ ಹೆಸರೆಂಬುದನ್ನು ಸಚೇತಕ ಸಭ್ಯವಾಗಿ ಮುಚ್ಚಿಡುತ್ತದೆ. 'ಸದನದ ಬಾವಿ'ಯನ್ನು ಹಾಗೇ ಅನುವಾದಿಸಿ ದಿನವೂ ಅದಕ್ಕಿಳಿಯುವ ನಾವು ವಿಪ್ ಪದದ ನೇರ ಅರ್ಥವಾದ ಚಾವಟಿಯನ್ನು ಮಾತ್ರ ಕೈಗೆತ್ತಿಕೊಳ್ಳಲಿಲ್ಲ. ವಿಪ್ ಉಲ್ಲಂಘನೆಗೆ ಶಾಸಕ ಸ್ಥಾನ ಹೋಗುತ್ತದೆ ಎಂದು ಎಲ್ಲರೂ ಬರೆಯುತ್ತಾರಾದರೂ 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯಲ್ಲಿ ವಿಪ್ ಎಂಬ ಪದವಿಲ್ಲ, ಅಲ್ಲಿರುವುದು ರಾಜಕೀಯ ಪಕ್ಷದ 'ನಿರ್ದೇಶನ'. ಮಕ್ಕಳ ಪುಸ್ತಕದಲ್ಲಿ 'ಮತದಾನದ ಬಗ್ಗೆ ಪಕ್ಷ ಕೊಡುವ ನಿರ್ದೇಶನ, ಅಂದರೆ ವಿಪ್' ಎಂದು ಒಮ್ಮೆ ಬರೆದು ಮುಂದೆ ವಿಪ್ ಎಂದೇ ನಡೆಸುತ್ತೇನೆ.

ಉಳಿದಿರುವುದು ಅಮೆರಿಕದ ಒಂದು ಪುಟ. ಅಲ್ಲಿನ ಪ್ರತಿನಿಧಿಗಳ ಸಭೆಯ ಸ್ಪೀಕರ್ ಬಹುಮತದ ಪಕ್ಷದ ಮುಂದಾಳು, ಪಕ್ಷದ ಪರವಾಗಿ ರಾಜಾರೋಷವಾಗಿ ನಿಲ್ಲುವವರು. ನಮ್ಮಲ್ಲಿ ಎನ್. ಸಂಜೀವ ರೆಡ್ಡಿ 1967ರಲ್ಲಿ ಲೋಕಸಭೆಯ ಪೀಠವೇರಿದಾಗ ಪಕ್ಷಕ್ಕೇ ರಾಜೀನಾಮೆ ಕೊಟ್ಟರು. ಎಲ್ಲರೂ ಹಾಗೆ ಮಾಡದಿದ್ದರೂ ಸಭಾಧ್ಯಕ್ಷ ಎಂದಾಗ ನಾವು ನಿರೀಕ್ಷಿಸುವುದು ಆ ದೂರವನ್ನೇ. ಅಮೆರಿಕದವರಿಗೂ ಅದೇ ಪದ ಹಾಕಿದರೆ ಓದುವವರು ದಾರಿ ತಪ್ಪುತ್ತಾರೆ, ಆದ್ದರಿಂದ ಆ ಪುಟದಲ್ಲಿ ಸ್ಪೀಕರ್ ಎಂದೇ ಬಿಟ್ಟಿದ್ದೇನೆ. ಸೆನೆಟ್‌ನಲ್ಲಿ ಬಹುಮತ ಪಡೆದ ಪಕ್ಷದ ನಾಯಕರಿಗೆ ಕರಡು 'ಬಹುಮತದ ನಾಯಕ' ಎನ್ನುತ್ತದೆ. ಇದು ಬಹುಮತದಿಂದ ಆಯ್ಕೆಯಾದವರು ಎಂಬಂತೆ ಕೇಳಿಸುತ್ತದೆ. 'ಬಹುಮತ ಪಕ್ಷದ ನಾಯಕ' ಸಾಕೇ, ಅಥವಾ ಸೆನೆಟ್‌ನಲ್ಲಿ ಕಲಾಪದ ಹಿಡಿತ ಬಹುಪಾಲು ಅವರ ಕೈಯಲ್ಲಿರುವುದರಿಂದ 'ಸಭಾನಾಯಕ' ಎಂಬ ನಮ್ಮ ಪದವನ್ನೇ ಎರವಲು ಕೊಡಬಹುದೇ?