ಎಂಜಿಬಿ ಕಾರಿನ ಮುಂಭಾಗದ ಸಸ್ಪೆನ್ಷನ್: ಬುಷ್ ಬದಲಿಸಿದರೆ ಸಾಕೇ?

ಪ್ರಶ್ನೆ: ನನ್ನದು 1971ರ ಎಂಜಿಬಿ ರೋಡ್‌ಸ್ಟರ್ (ಮೇಲ್ಛಾವಣಿ ತೆರೆಯಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು). ತಗ್ಗುಗಳನ್ನು ದಾಟುವಾಗ ಮುಂದಿನ ಎಡಗಾಲಿಯ ಕಡೆಯಿಂದ ಲೋಹ ಬಡಿದಂತೆ ಸದ್ದು ಬರುತ್ತದೆ. ಸ್ಟೀರಿಂಗ್ ಕೂಡ ಬಿಗಿಯಾಗಿದ್ದು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದಿಲ್ಲ. ಪಾಲಿಯುರಿಥೇನ್ ಬುಷ್‌ಗಳ (ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಉಂಗುರದಂಥ ಮೆತ್ತೆಗಳ) ಪೂರ್ಣ ಸೆಟ್ ತರಿಸಿ ಹಾಕಬೇಕೆಂದಿದ್ದೇನೆ. ಅದರಿಂದ ಎರಡೂ ತೊಂದರೆ ಪರಿಹಾರವಾಗುವುದೇ? ವೃತ್ತಿಪರರು ದಯವಿಟ್ಟು ತಿಳಿಸಬೇಕು.

ಉತ್ತರ (ಹಳೆಯ ಕಾರುಗಳ ಮೆಕ್ಯಾನಿಕ್): ಬುಷ್ ಸೆಟ್ಟನ್ನು ಈಗಲೇ ತರಿಸಬೇಡಿ. ನೀವು ಹೇಳಿದ ಎರಡನೆಯ ಲಕ್ಷಣಕ್ಕೂ ರಬ್ಬರ್ ಬುಷ್‌ಗಳಿಗೂ ಸಂಬಂಧವಿಲ್ಲ. ಈ ಕಾರಿನ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಸುಮಾರು 7 ಡಿಗ್ರಿಯಷ್ಟಿರುವುದರಿಂದ, ಕೈ ಸಡಿಲಿಸಿದ ಕೂಡಲೇ ಸ್ಟೀರಿಂಗ್ ತಾನಾಗಿ ನೇರವಾಗಬೇಕು. ಆಗುತ್ತಿಲ್ಲವೆಂದರೆ ಹೆಚ್ಚಿನ ಪಾಲಿಗೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ನಿಂತ ಕಂಬಿ) ಒಣಗಿ ಹಿಡಿದುಕೊಂಡಿದೆ ಎಂದೇ ಅರ್ಥ. ಎಂಜಿಬಿಯ ಮುಂಭಾಗದ ಸಸ್ಪೆನ್ಷನ್ನಿನಲ್ಲಿ ಬಾಲ್ ಜಾಯಿಂಟ್‌ಗಳಿಲ್ಲ. ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಕಿಂಗ್‌ಪಿನ್ನಿನ ಸುತ್ತ ತಿರುಗುತ್ತದೆ. ಕಿಂಗ್‌ಪಿನ್ನಿನ ಮೇಲ್ತುದಿ ಟ್ರನಿಯನ್ ಎಂಬ ಕೀಲಿನ ಮೂಲಕ ಡ್ಯಾಂಪರಿನ (ಶಾಕ್ ಅಬ್ಸಾರ್ಬರಿನ) ತೋಳುಗಳಿಗೂ, ಕೆಳತುದಿ ವಿಷ್‌ಬೋನಿಗೂ (ಸಸ್ಪೆನ್ಷನ್ನಿನ ಕವಲು ತೋಳಿಗೂ) ಸೇರಿಕೊಂಡಿರುತ್ತದೆ. ಪ್ರತಿ ಬದಿಯಲ್ಲಿ ಮೂರು ಗ್ರೀಸ್ ನಿಪ್ಪಲ್‌ಗಳಿವೆ (ಗ್ರೀಸ್ ತುಂಬುವ ಮೂತಿಗಳು). ಚಕ್ರ ನೆಲದ ಮೇಲಿರುವಾಗ ಗ್ರೀಸ್ ಹೊಡೆದರೆ ಭಾರ ಬಿದ್ದಿರುವ ಮೈಗಳ ನಡುವೆ ಅದು ಸರಿಯಾಗಿ ಹೋಗುವುದಿಲ್ಲ. ಆದ್ದರಿಂದ ಮೊದಲು ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಗ್ರೀಸ್ ಹೊಡೆಯಿರಿ. ಹಳೆಯ ಗ್ರೀಸ್ ಗಟ್ಟಿಯಾಗಿ ದಾರಿ ಮುಚ್ಚಿದ್ದರೆ ನಿಪ್ಪಲ್ ಬಿಚ್ಚಿ ರಂಧ್ರವನ್ನು ತೆರವುಗೊಳಿಸಿ.

ಸದ್ದಿನ ಮೂಲವನ್ನು ಹುಡುಕಲು ಹೀಗೆ ಮಾಡಿ: ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡುಬಂದರೆ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮತ್ತೆ ಅಲುಗಾಡಿಸಿ. ಬ್ರೇಕ್ ಹಿಡಿದಾಗ ಹಬ್ ಮತ್ತು ಸ್ಟಬ್ ಆಕ್ಸಲ್ ಒಂದಾಗುವುದರಿಂದ, ಆಗ ಪ್ಲೇ ಮಾಯವಾದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನಲ್ಲಿ ಅಥವಾ ಅದರ ಕೆಳತುದಿಯ ಲೋಹದ ಬುಷ್‌ನಲ್ಲಿದೆ.

ಪ್ರಶ್ನೆ ಕೇಳಿದವರು: ಪರೀಕ್ಷಿಸಿದೆ. ಬ್ರೇಕ್ ಒತ್ತಿದಾಗಲೂ ಪ್ಲೇ ಹಾಗೆಯೇ ಇದೆ, ಕೆಳತುದಿಯಲ್ಲಿ ಅಲುಗಾಟ ಕಣ್ಣಿಗೇ ಕಾಣುತ್ತದೆ. ಬಲಭಾಗದ ಕೆಳಗಿನ ನಿಪ್ಪಲ್‌ಗೆ ಗ್ರೀಸ್ ಹೋಗುತ್ತಲೇ ಇಲ್ಲ.

ಉತ್ತರ: ಹಾಗಾದರೆ ಎರಡೂ ಬದಿಯನ್ನು ಪೂರ್ತಿ ಬಿಚ್ಚಲೇಬೇಕು. ಇಲ್ಲಿ ಅಪಾಯವಿರುವುದು ಸ್ಪ್ರಿಂಗಿನಲ್ಲಿ. ಕಾರನ್ನು ಕ್ರಾಸ್‌ಮೆಂಬರಿನ (ಸಸ್ಪೆನ್ಷನ್ ಹೊತ್ತಿರುವ ಅಡ್ಡ ತೊಲೆಯ) ಹಿಂದೆ ಚಾಸಿಯ ಕೆಳಗಿಟ್ಟ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಪ್ಯಾನಿನ ಕೆಳಗೆ ಟ್ರಾಲಿ ಜಾಕ್ ಕೊಟ್ಟು, ಬ್ರೇಕ್ ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಕಟ್ಟಿ ಇಡಿ. ಬ್ರೇಕ್ ಹೋಸ್‌ನಲ್ಲಿ ಅದು ತೂಗಬಾರದು. ಟ್ರ್ಯಾಕ್ ರಾಡಿನ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿಯ) ತುದಿಯನ್ನೂ ಬೇರ್ಪಡಿಸಿ. ಬಳಿಕ ಮೇಲಿನ ಟ್ರನಿಯನ್ ಬೋಲ್ಟ್ ತೆಗೆದು, ಸ್ಪ್ರಿಂಗಿನ ಒತ್ತಡ ಪೂರ್ತಿ ಇಳಿಯುವವರೆಗೆ ಜಾಕನ್ನು ನಿಧಾನವಾಗಿ ಇಳಿಸಿ.

ಕಿಂಗ್‌ಪಿನ್ನಿನ ಕೆಳತುದಿಯನ್ನು ವಿಷ್‌ಬೋನಿಗೆ ಸೇರಿಸುವ ಫಲ್ಕ್ರಮ್ ಬೋಲ್ಟ್ ತನ್ನ ಡಿಸ್ಟೆನ್ಸ್ ಟ್ಯೂಬಿನೊಳಗೆ (ಅದರ ಸುತ್ತಲಿನ ಕೊಳವೆಯೊಳಗೆ) ತುಕ್ಕು ಹಿಡಿದು ಅಂಟಿಕೊಂಡಿರುವುದು ಈ ಕಾರುಗಳಲ್ಲಿ ಸರ್ವೇಸಾಮಾನ್ಯ. ಸುತ್ತಿಗೆಯಿಂದ ಹೊಡೆಯುತ್ತಾ ವಿಷ್‌ಬೋನನ್ನು ಬಗ್ಗಿಸುವುದಕ್ಕಿಂತ, ವಿಷ್‌ಬೋನಿನ ತೋಳು ಮತ್ತು ಕಿಂಗ್‌ಪಿನ್ನಿನ ಕೆಳತುದಿಯ ರಂಧ್ರದ ನಡುವೆ ಎರಡೂ ಕಡೆ ಗರಗಸದಿಂದ ಕತ್ತರಿಸುವುದೇ ಜಾಣತನ. ಆ ಬೋಲ್ಟನ್ನು ಹೇಗೂ ಮತ್ತೆ ಬಳಸುವುದಿಲ್ಲ. ತೋಳಿನ ತುದಿಯ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ತೋಳನ್ನೇ ಬದಲಿಸಿ, ಇಲ್ಲವಾದರೆ ಹೊಸ ಬೋಲ್ಟ್ ಹಾಕಿದರೂ ಸದ್ದು ಉಳಿಯುತ್ತದೆ. ಹೊಸ ಡಿಸ್ಟೆನ್ಸ್ ಟ್ಯೂಬ್ ಬುಷ್‌ಗಿಂತ ಕೂದಲೆಳೆಯಷ್ಟು ಉದ್ದವಿರಬೇಕು: ನಟ್ ಬಿಗಿಸಿದಾಗ ಟ್ಯೂಬ್ ತೋಳುಗಳ ನಡುವೆ ಅದುಮಿ ನಿಲ್ಲಬೇಕು, ಕಿಂಗ್‌ಪಿನ್ ಮಾತ್ರ ಅದರ ಮೇಲೆ ಸಲೀಸಾಗಿ ಆಡಬೇಕು.

ಸ್ಟಬ್ ಆಕ್ಸಲಿನ ಬುಷ್‌ಗಳನ್ನು ಒತ್ತಿ ಕೂರಿಸುವಾಗ ಗ್ರೀಸ್ ರಂಧ್ರಗಳು ಹೊಂದಿಕೆಯಾಗಬೇಕು. ನಂತರ ಮೇಲಿನದೂ ಕೆಳಗಿನದೂ ಒಂದೇ ರೇಖೆಯಲ್ಲಿರುವಂತೆ ಪೈಲಟ್ (ದಾರಿ ತೋರುವ ಕಂಬಿ) ಇರುವ ರೀಮರಿನಿಂದ (ರಂಧ್ರ ಹೆರೆಯುವ ಉಪಕರಣದಿಂದ) ಅಳತೆಗೆ ತರಬೇಕು. ಸಾಮಾನ್ಯ ರೀಮರಿನಿಂದ ಒಂದೊಂದನ್ನೇ ಬೇರೆಬೇರೆಯಾಗಿ ಮಾಡಿದರೆ ಸಾಲು ತಪ್ಪಿ, ಹೊಸ ಕಿಂಗ್‌ಪಿನ್ ಹಾಕಿದ ಮೊದಲ ದಿನವೇ ಸ್ಟೀರಿಂಗ್ ಬಿಗಿಯಾಗುತ್ತದೆ; ಈ ಕೆಲಸವನ್ನು ಮಷಿನ್ ಶಾಪಿಗೆ ಕೊಡಿ. ಕಿಂಗ್‌ಪಿನ್ನಿನ ಲಂಬ ಪ್ಲೇ 0.05 ಮಿ.ಮೀ. ಮೀರದಂತೆ, ಸೂಕ್ತ ದಪ್ಪದ ಥ್ರಸ್ಟ್ ವಾಷರನ್ನು ಆರಿಸಿಕೊಳ್ಳಬೇಕು.

ಮತ್ತೊಬ್ಬ ಸದಸ್ಯರು: ಹಬ್ ನಟ್ಟನ್ನು ಕೈಯಂದಾಜಿನಲ್ಲಿ ಬಿಗಿಸಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಸ್ಪ್ಲಿಟ್ ಪಿನ್ ಹಾಕಿದರೆ ಸಾಲದೇ?

ಉತ್ತರ: ಬೇರೆ ಹಲವು ಕಾರುಗಳಿಗೆ ಸಾಕು, ಇದಕ್ಕೆ ಸಾಲದು. ಇಲ್ಲಿ ಎರಡು ಟೇಪರ್ ಬೇರಿಂಗ್‌ಗಳ ನಡುವೆ ಸ್ಪೇಸರ್ ಮತ್ತು ಶಿಮ್‌ಗಳಿವೆ (ಅಂತರ ಕಾಯುವ ಕೊಳವೆ ಮತ್ತು ತೆಳು ಬಿಲ್ಲೆಗಳು). ನಟ್ಟನ್ನು 40ರಿಂದ 70 ಅಡಿ-ಪೌಂಡ್‌ವರೆಗೆ ಬಿಗಿಸಿದ ಮೇಲೂ 0.05ರಿಂದ 0.10 ಮಿ.ಮೀ. ಎಂಡ್ ಫ್ಲೋಟ್ (ಅಚ್ಚಿನ ಉದ್ದಕ್ಕೆ ಹಬ್ ಆಡುವ ಜಾಗ) ಉಳಿಯಬೇಕು. ಹೀಗೆ ಬಿಗಿಯಾದ ಸ್ಪೇಸರ್ ಸ್ಟಬ್ ಆಕ್ಸಲಿಗೆ ಬಲ ಕೊಡುತ್ತದೆ. ಅದನ್ನು ಬಿಸಾಡುವವರಿದ್ದಾರೆ, ಅವರ ಮಾತು ಕೇಳಬೇಡಿ. ಡಯಲ್ ಗೇಜ್ ಇಟ್ಟು ಶಿಮ್ ಸೇರಿಸಿ ಅಥವಾ ತೆಗೆದು ಅಳತೆಗೆ ತನ್ನಿ.

ಪ್ರಶ್ನೆ ಕೇಳಿದವರು: ಬುಷ್‌ಗಳಿಗೆ ಹಾಗಾದರೆ ಯಾವುದನ್ನು ಆರಿಸಲಿ? ಡ್ಯಾಂಪರನ್ನೂ ಬದಲಿಸಬೇಕೇ?

ಉತ್ತರ: ರಸ್ತೆಯ ಓಡಾಟಕ್ಕೆ ನಾನು ಎಂಜಿಬಿಯ ವಿ8 ಎಂಜಿನ್ ಮಾದರಿಯ, ಲೋಹದ ಕೊಳವೆ ಅಂಟಿಸಿದ ರಬ್ಬರ್ ಬುಷ್‌ಗಳನ್ನೇ ಹಾಕುತ್ತೇನೆ. ಪಾಲಿಯುರಿಥೇನ್ ರಸ್ತೆಯ ಒರಟುತನವನ್ನು ಹೆಚ್ಚು ದಾಟಿಸುತ್ತದೆ. ವಿ8 ಬುಷ್‌ಗಳನ್ನು ಸಾಬೂನು ನೀರು ಹಚ್ಚಿ ಒತ್ತಿ ಕೂರಿಸಿ, ನಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿಸಿ. ತೂಗಾಡುತ್ತಿರುವಾಗ ಬಿಗಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಡ್ಯಾಂಪರಿನ ತೋಳನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಉದ್ದಕ್ಕೂ ಒಂದೇ ಸಮನೆ ತಡೆ ಇದ್ದು, ಶಾಫ್ಟ್ ಬಳಿ ಎಣ್ಣೆ ಸೋರದಿದ್ದರೆ ಅದನ್ನೇ ಉಳಿಸಿಕೊಳ್ಳಿ. ನಡುವೆ ಎಲ್ಲಾದರೂ ಸಡಿಲವೆನಿಸಿದರೆ ಎಣ್ಣೆ ತುಂಬಿ ಮತ್ತೊಮ್ಮೆ ಪರೀಕ್ಷಿಸಿ. ಶಾಫ್ಟೇ ಅಲುಗಾಡುತ್ತಿದ್ದರೆ ಪುನರ್ನಿರ್ಮಿತ ಡ್ಯಾಂಪರ್ ಬೇಕು, ಏಕೆಂದರೆ ಅದರ ತೋಳುಗಳೇ ಸಸ್ಪೆನ್ಷನ್ನಿನ ಮೇಲಿನ ವಿಷ್‌ಬೋನ್.

ಎಲ್ಲ ಜೋಡಣೆಯಾದ ಮೇಲೆ ಟೋ-ಇನ್ (ಮುಂದಿನ ಚಕ್ರಗಳ ಮುಂತುದಿಗಳು ಒಳಕ್ಕೆ ವಾಲುವ ಪ್ರಮಾಣ) 1.6ರಿಂದ 2.4 ಮಿ.ಮೀ. ಇರುವಂತೆ ಹೊಂದಿಸಿ. ಕಾರ್ಖಾನೆಯ ಭಾಗಗಳಲ್ಲಿ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲುವ ಕೋನ) ಮತ್ತು ಕ್ಯಾಸ್ಟರನ್ನು ಹೊಂದಿಸುವ ವ್ಯವಸ್ಥೆಯಿಲ್ಲ. ಅಲೈನ್‌ಮೆಂಟ್ ಯಂತ್ರ ಒಂದು ಬದಿಯಲ್ಲಿ ಬೇರೆ ಅಂಕಿ ತೋರಿಸಿದರೆ, ತೋಳು ಬಗ್ಗಿದೆಯೇ, ಕ್ರಾಸ್‌ಮೆಂಬರಿನ ರಬ್ಬರ್ ಪ್ಯಾಡ್ ಕುಸಿದಿದೆಯೇ ಎಂದು ನೋಡಿ.